ಎಲ್ಲರ ಸಹಿ ಬೇಕಾದ ಹಿಮಖಂಡ

ಕಳಂಬೋಲಿ ಎಂದೊಡನೆ ಮುಂಬಯಿ ಕನ್ನಡಿಗರ ಕಣ್ಣಮುಂದೆ ಬರುವುದು ಉಕ್ಕಿನ ಮಾರುಕಟ್ಟೆ, ಸಾಲುಗಟ್ಟಿ ನಿಂತ ಲಾರಿಗಳು ಮತ್ತು ಪುಣೆಯತ್ತ ಸಾಗುವ ಎಕ್ಸ್‌ಪ್ರೆಸ್ ಹೆದ್ದಾರಿ. ಇದೇ ಕಳಂಬೋಲಿ ಹೆದ್ದಾರಿಯ ಮಗ್ಗುಲಲ್ಲಿ, ನ್ಯೂ ಪನ್ವೇಲ್‌ನಲ್ಲಿ, ಭಾರತೀಯ ಭೂಕಾಂತತ್ವ ಸಂಸ್ಥೆಯ ಆವರಣವಿದೆಯೆಂಬುದನ್ನು ನಮ್ಮಲ್ಲಿ ಬಹುಮಂದಿ ಗಮನಿಸಿರಲಾರರು. 19ನೇ ಶತಮಾನದಲ್ಲಿ ಕೊಲಾಬಾದ ವೀಕ್ಷಣಾಲಯದಲ್ಲಿ ಆರಂಭಗೊಂಡ ಭೂಕಾಂತ ಮಾಪನದ ಪರಂಪರೆಯ ವಾರಸುದಾರ ಸಂಸ್ಥೆಯಿದು. ಮುಂಬಯಿಯಲ್ಲಿ ವಿದ್ಯುತ್ ಟ್ರಾಮುಗಳು ಬಂದಾಗ ಉಪಕರಣಗಳಿಗೆ ಅಡಚಣೆಯಾಗುವುದೆಂದು 1904ರಲ್ಲಿ ಆ ಕೆಲಸ ಅಲಿಬಾಗಿಗೆ ಹೋಯಿತು. ಇಂದು ಈ ಸಂಸ್ಥೆಯ ಉಪಕರಣಗಳು ಇಲ್ಲಿಂದ ಸುಮಾರು 11 ಸಾವಿರ ಕಿ.ಮೀ. ದೂರದ ಅಂಟಾರ್ಕ್ಟಿಕಾದಲ್ಲಿಯೂ, ಭಾರತದ ಮೈತ್ರಿ ಮತ್ತು ಭಾರತಿ ಕೇಂದ್ರಗಳಲ್ಲಿ, ಭೂಮಿಯ ಕಾಂತಕ್ಷೇತ್ರದ ಏರಿಳಿತಗಳನ್ನು ದಾಖಲಿಸುತ್ತಿವೆ. ನಮ್ಮ ಬಸ್ಸು ದಿನವೂ ಹಾದುಹೋಗುವ ರಸ್ತೆಗೂ ದಕ್ಷಿಣ ಧ್ರುವದ ಹಿಮಕ್ಕೂ ಇರುವ ಮೊದಲ ನಂಟು ಇದು.

ಎರಡನೆಯ ನಂಟು ಇದಕ್ಕಿಂತ ಹತ್ತಿರದ್ದು. ಈ ಲೇಖಕ ವಿಜ್ಞಾನ ಓದಿದವನಲ್ಲ. ಕಲಾ ವಿಭಾಗದ ಪದವಿ ಪಡೆದು ಮೂರು ದಶಕಗಳಿಂದ ಬ್ಯಾಂಕಿನಲ್ಲಿ ದುಡಿಯುತ್ತಿರುವವನು. ಧ್ರುವಪ್ರದೇಶಗಳ ಬಗೆಗೆ ಕುತೂಹಲ ಹುಟ್ಟಿಸಿದ್ದು 2005ರ ಜುಲೈ 26ರ ಮಳೆ. ಆ ಒಂದು ದಿನ ಸಾಂತಾಕ್ರೂಸ್‌ನಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಕಳಂಬೋಲಿಯ ನೆಲಮಹಡಿಯ ನಮ್ಮ ಮನೆಗೂ ನೀರು ನುಗ್ಗಿತು. ಮಕ್ಕಳನ್ನೂ ವೃದ್ಧ ತಾಯಿಯನ್ನೂ ಮೇಲಿನ ಮಹಡಿಯ ನೆರೆಯವರ ಮನೆಗೆ ಸೇರಿಸಿ, ಮೊಣಕಾಲುದ್ದದ ನೀರಿನಲ್ಲಿ ನಿಂತು, ಠೇವಣಿ ರಸೀದಿಗಳನ್ನೂ ಮಕ್ಕಳ ಪ್ರಮಾಣಪತ್ರಗಳನ್ನೂ ಅಟ್ಟದ ಮೇಲಿಟ್ಟ ರಾತ್ರಿಯನ್ನು ಮರೆಯಲಾಗದು. ಇಷ್ಟು ನೀರು ಇಳಿಯದೆ ನಿಂತದ್ದೇಕೆ ಎಂದು ಮರುದಿನ ಕೇಳಿದಾಗ ಹಿರಿಯರೊಬ್ಬರು ಹೇಳಿದ್ದಿಷ್ಟೇ: "ಸಮುದ್ರ ಬಾಗಿಲು ತೆಗೆಯಲಿಲ್ಲ."

ಆ ಮಾತಿನ ಅರ್ಥ ಅನಂತರ ತಿಳಿಯಿತು. ನವಿಮುಂಬಯಿಯ ಹಲವು ಭಾಗಗಳಂತೆ ಕಳಂಬೋಲಿಯೂ ಖಾಡಿಯ ಅಂಚಿನ ತಗ್ಗು ನೆಲದ ಮೇಲೆ ಎದ್ದು ನಿಂತ ಬಡಾವಣೆ. ಸಿಡ್ಕೋ ಸಂಸ್ಥೆಯು ನಗರವನ್ನು ಯೋಜಿಸಿದಾಗ ಮಳೆನೀರಿಗಾಗಿ 'ಹೋಲ್ಡಿಂಗ್ ಪಾಂಡ್' ಎಂಬ ವಿಶಾಲ ಹೊಂಡಗಳನ್ನು ನಿರ್ಮಿಸಿತು. ಹೊಂಡದಿಂದ ಖಾಡಿಗೆ ಹೋಗುವ ದಾರಿಯಲ್ಲಿ ಬಾಗಿಲುಗಳಿವೆ. ಕಡಲು ಉಬ್ಬರಿಸಿದಾಗ ನೀರಿನ ಒತ್ತಡಕ್ಕೆ ಅವು ಮುಚ್ಚಿಕೊಳ್ಳುತ್ತವೆ, ಮಳೆನೀರು ಹೊಂಡದಲ್ಲಿ ಕಾಯುತ್ತದೆ. ಇಳಿತವಾದಾಗ ಬಾಗಿಲು ತೆರೆದು ನೀರು ಹೊರಗೆ ಹರಿಯುತ್ತದೆ. ವ್ಯವಸ್ಥೆ ಸರಳವಾದುದು, ಆದರೆ ಅದರ ಕೀಲಿಕೈ ಇರುವುದು ಸಮುದ್ರದ ಕೈಯಲ್ಲಿ. ಕಡಲಿನ ಸರಾಸರಿ ಮಟ್ಟ ಏರುತ್ತ ಹೋದಂತೆ ಬಾಗಿಲು ತೆರೆದಿರುವ ಹೊತ್ತು ಕಡಿಮೆಯಾಗುತ್ತ ಹೋಗುತ್ತದೆ. ಮಳೆ ಹೆಚ್ಚದಿದ್ದರೂ ನೆರೆ ಹೆಚ್ಚಬಹುದು.

ಕಡಲಿನ ಮಟ್ಟ ಏರುತ್ತಿದೆಯೇ? ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯ 2021ರ ವರದಿಯಂತೆ 1901ರಿಂದ 2018ರ ವರೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. 2006ರಿಂದ 2018ರ ಅವಧಿಯಲ್ಲಿ ಏರಿಕೆಯ ವೇಗ ವರ್ಷಕ್ಕೆ 3.7 ಮಿ.ಮೀ. ಈ ಏರಿಕೆಗೆ ಬೆಚ್ಚಗಾದ ನೀರು ಹಿಗ್ಗುವುದು ಒಂದು ಕಾರಣ, ನೆಲದ ಮೇಲಿನ ಹಿಮ ಕರಗುವುದು ಇನ್ನೊಂದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಉತ್ತರ ಧ್ರುವದ ಸಮುದ್ರದಲ್ಲಿ ತೇಲುವ ಹಿಮ ಕರಗಿದರೆ, ಲೋಟದಲ್ಲಿನ ಐಸ್ ಕರಗಿದಂತೆ, ಮಟ್ಟ ಬಹುತೇಕ ಏರುವುದಿಲ್ಲ. ಏರಿಸುವುದು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ನೆಲದ ಮೇಲೆ ಕುಳಿತಿರುವ ಹಿಮ. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸುಮಾರು 7 ಮೀಟರ್, ಅಂಟಾರ್ಕ್ಟಿಕಾದ್ದೆಲ್ಲ ಕರಗಿದರೆ ಸುಮಾರು 58 ಮೀಟರ್ ಏರಬಲ್ಲಷ್ಟು ನೀರು ಅಲ್ಲಿದೆ. ಅದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಪೂರ್ತಿ ಕರಗದು. ಆದರೆ ಕಳಂಬೋಲಿಯಂತಹ ಊರಿಗೆ ಮೀಟರುಗಳ ಲೆಕ್ಕ ಬೇಕಿಲ್ಲ, ಸೆಂಟಿಮೀಟರುಗಳೇ ಸಾಕು. ತೇಲುವ ಹಿಮದ ನಷ್ಟವೂ ನಮಗೆ ಸಂಬಂಧಿಸದ ಸಂಗತಿಯಲ್ಲ. ಆರ್ಕ್ಟಿಕ್‌ನ ಕಾರಾ ಸಮುದ್ರದ ಹಿಮ ಕ್ಷೀಣಿಸುವುದಕ್ಕೂ ಭಾರತದಲ್ಲಿ ಸೆಪ್ಟೆಂಬರ್ ಅಂತ್ಯದ ಅತಿವೃಷ್ಟಿಗೂ ನಂಟಿರಬಹುದೆಂದು ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ತೋರಿಸಿದ್ದಾರೆ.

ಹಾಗಾದರೆ ಈ ಹಿಮವನ್ನು ಕಾಯುತ್ತಿರುವವರು ಯಾರು? ಭಾರತದ ನಾಲ್ಕು ಪಟ್ಟಿಗೂ ಮಿಗಿಲಾದ ವಿಸ್ತಾರವುಳ್ಳ ಅಂಟಾರ್ಕ್ಟಿಕಾ ಯಾವೊಂದು ದೇಶಕ್ಕೂ ಸೇರಿಲ್ಲ. ಬ್ರಿಟನ್, ಫ್ರಾನ್ಸ್, ನಾರ್ವೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅರ್ಜೆಂಟಿನಾ ಮತ್ತು ಚಿಲಿ ಎಂಬ ಏಳು ದೇಶಗಳು ಅದರ ಭಾಗಗಳ ಮೇಲೆ ಹಕ್ಕು ಸಾಧಿಸಿದ್ದವು. 1959ರ ಡಿಸೆಂಬರ್ 1ರಂದು ವಾಷಿಂಗ್‌ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಅಂಟಾರ್ಕ್ಟಿಕಾ ಒಪ್ಪಂದವು ಆ ಹಕ್ಕುಗಳನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ, ಇದ್ದಲ್ಲಿಯೇ ಹೆಪ್ಪುಗಟ್ಟಿಸಿತು. ಅಲ್ಲಿ ಸೇನಾ ನೆಲೆ ಕೂಡದು, ಅಣುಸ್ಫೋಟ ಕೂಡದು, ಅಣುತ್ಯಾಜ್ಯ ಸುರಿಯಕೂಡದು, ವಿಜ್ಞಾನದ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಬೇಕು, ಒಬ್ಬರ ಕೇಂದ್ರವನ್ನು ಇನ್ನೊಬ್ಬರು ಪರಿಶೀಲಿಸಬಹುದು ಎಂದು ಗೊತ್ತುಮಾಡಿತು. ಶೀತಲ ಸಮರ ಬಿಗಿಯಾಗಿದ್ದ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಕಾಗದದ ಮೇಲೆ ಸಹಿ ಹಾಕಿದ್ದು ಸಾಮಾನ್ಯ ಸಂಗತಿಯಲ್ಲ.

ಆ ಹನ್ನೆರಡರಲ್ಲಿ ಭಾರತವಿರಲಿಲ್ಲ. ಆದರೆ ಅದಕ್ಕೂ ಮೊದಲೇ, 1956ರಲ್ಲಿ, ಅಂಟಾರ್ಕ್ಟಿಕಾದ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಚರ್ಚಿಸಬೇಕೆಂದು ಕೇಳಿದ ದೇಶ ನಮ್ಮದು. ಆ ಪ್ರಯತ್ನ ಫಲಿಸಲಿಲ್ಲ. ಕಾಲು ಶತಮಾನ ಕಳೆದು, 1981ರ ಡಿಸೆಂಬರಿನಲ್ಲಿ ಡಾ. ಸೈಯದ್ ಜಹೂರ್ ಕಾಸಿಂ ಅವರ ನಾಯಕತ್ವದಲ್ಲಿ 21 ಮಂದಿಯ ತಂಡ ಗೋವೆಯಿಂದ ಹಡಗೇರಿ 1982ರ ಜನವರಿ 9ರಂದು ಹಿಮಖಂಡವನ್ನು ಮುಟ್ಟಿತು. 1983ರಲ್ಲಿ ಭಾರತ ಒಪ್ಪಂದಕ್ಕೆ ಸೇರಿ, ಅದೇ ವರ್ಷ ನಿರ್ಣಯದಲ್ಲಿ ಪಾಲ್ಗೊಳ್ಳುವ ಸಮಾಲೋಚಕ ರಾಷ್ಟ್ರದ ಸ್ಥಾನವನ್ನೂ ಪಡೆಯಿತು. ಹೊರಗೆ ನಿಂತು ಪ್ರಶ್ನಿಸಿದವರು ಒಳಗೆ ಕುಳಿತು ಹೊಣೆ ಹೊತ್ತ ಕಥೆಯಿದು. ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿ ಹಿಮದಲ್ಲಿ ಹೂತುಹೋಯಿತು. ಬಳಿಕ 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ತಲೆಯೆತ್ತಿದವು. ಭಾರತಿಯನ್ನು ಸರಕು ಸಾಗಿಸುವ 134 ಕಂಟೇನರ್‌ಗಳಿಂದ ಕಟ್ಟಲಾಗಿದೆ, ಬೇಡವಾದ ದಿನ ಬಿಚ್ಚಿ ಹೊರಗೆ ತರುವಂತೆ. ಅಲ್ಲಿಗೆ ಹೋದ ನಮ್ಮವರ ಊಟದ ಪೊಟ್ಟಣಗಳಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ತಯಾರಿಕೆಗಳೂ ಇದ್ದವೆಂಬುದು ಕನ್ನಡಿಗರು ಹೆಮ್ಮೆಪಡಬಹುದಾದ ಸಣ್ಣ ಸಂಗತಿ.

ಈ ಒಪ್ಪಂದದ ಬಲವೂ ದೌರ್ಬಲ್ಯವೂ ಒಂದೇ ನಿಯಮದಲ್ಲಿದೆ. ಪ್ರತಿಯೊಂದು ನಿರ್ಣಯಕ್ಕೂ ಸಮಾಲೋಚಕ ರಾಷ್ಟ್ರಗಳೆಲ್ಲವುಗಳ ಸಮ್ಮತಿ ಬೇಕು. ಇಂದು ಅಂತಹ ರಾಷ್ಟ್ರಗಳು 29. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು 'ಎಲ್ಲರೂ ಸೇರಿ ಸಹಿ ಮಾಡಬೇಕಾದ' ಜಂಟಿ ಖಾತೆ. ಹಿಂದೊಮ್ಮೆ ಊರಿನ ಜಾಗ ಮಾರಿ ಬಂದ ಹಣವನ್ನು ನಾಲ್ವರು ಅಣ್ಣತಮ್ಮಂದಿರು ಇಂತಹ ಖಾತೆಯಲ್ಲಿಟ್ಟದ್ದು ನೆನಪಿದೆ. ಒಬ್ಬ ತಮ್ಮ ವ್ಯಾಪಾರಕ್ಕೆಂದು ಅಷ್ಟನ್ನೂ ತೆಗೆಯಬೇಕೆಂದು ಬಂದಾಗ ಉಳಿದವರು ಸಹಿ ಹಾಕಲಿಲ್ಲ, ಹಣ ಉಳಿಯಿತು. ಎರಡು ವರ್ಷಗಳ ಬಳಿಕ ತಾಯಿಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾದಾಗ ಅದೇ ತಮ್ಮ ಮುನಿಸಿನಿಂದ ಸಹಿ ಹಾಕಲಿಲ್ಲ. ಹಣ ಆಗಲೂ ಉಳಿಯಿತು, ಆದರೆ ತಾಯಿಗೆ ಒದಗಲಿಲ್ಲ. ಅಂಟಾರ್ಕ್ಟಿಕಾದ ಇತಿಹಾಸ ಈ ಎರಡು ಘಟನೆಗಳ ನಡುವೆ ತೂಗುತ್ತಿದೆ.

ಮೊದಲನೆಯ ಬಗೆಯ ನಿದರ್ಶನ ಗಣಿಗಾರಿಕೆಯದು. 1988ರಲ್ಲಿ ವೆಲ್ಲಿಂಗ್‌ಟನ್‌ನಲ್ಲಿ ಅಂಟಾರ್ಕ್ಟಿಕಾದ ಖನಿಜಗಳನ್ನು ನಿಯಮಬದ್ಧವಾಗಿ ತೆಗೆಯಲು ಅವಕಾಶ ನೀಡುವ ಒಡಂಬಡಿಕೆ ಸಿದ್ಧವಾಯಿತು. 1989ರ ಜನವರಿಯಲ್ಲಿ ಅರ್ಜೆಂಟಿನಾದ ಹಡಗೊಂದು ಅಂಟಾರ್ಕ್ಟಿಕಾದ ತೀರದಲ್ಲಿ ಬಂಡೆಗೆ ಬಡಿದು ಎಣ್ಣೆ ಚೆಲ್ಲಿತು. ಮಾರ್ಚಿನಲ್ಲಿ ಅಲಾಸ್ಕಾದ ಎಕ್ಸಾನ್ ವಾಲ್ಡೇಜ್ ದುರಂತ ಸಂಭವಿಸಿತು. ಆ ವರ್ಷವೇ ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ ತಾವು ಸಹಿ ಹಾಕುವುದಿಲ್ಲವೆಂದವು. ಎರಡು ದೇಶಗಳು ಕೈ ಹಿಂತೆಗೆದುದರಿಂದ ಖನಿಜದ ಒಡಂಬಡಿಕೆ ಜಾರಿಗೆ ಬರಲೇ ಇಲ್ಲ. ಬದಲಾಗಿ 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಪರಿಸರ ಸಂರಕ್ಷಣೆಯ ಒಡಂಬಡಿಕೆಯಾಗಿ, ವೈಜ್ಞಾನಿಕ ಸಂಶೋಧನೆಯ ಹೊರತು ಖನಿಜ ಸಂಬಂಧಿ ಚಟುವಟಿಕೆಗಳೆಲ್ಲ ನಿಷೇಧಕ್ಕೊಳಗಾದವು. 1998ರಲ್ಲಿ ಅದು ಜಾರಿಗೆ ಬಂತು. ಈ ನಿಷೇಧ 2048ಕ್ಕೆ ಮುಗಿಯುತ್ತದೆಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ, ಅದು ಸರಿಯಲ್ಲ. 2048ರ ಬಳಿಕ ಯಾವುದೇ ಸಮಾಲೋಚಕ ರಾಷ್ಟ್ರ ಪುನರ್ವಿಮರ್ಶೆಯ ಸಮ್ಮೇಳನವನ್ನು ಕೇಳಬಹುದು, ಅಷ್ಟೇ. ಆಗಲೂ ನಿಷೇಧವನ್ನು ತೆಗೆಯುವ ದಾರಿ ಕಡಿದಾದದ್ದು.

ಎರಡನೆಯ ಬಗೆಯ ನಿದರ್ಶನ ಸಮುದ್ರಜೀವಿಗಳದು. ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದ ಜೀವಸಂಪತ್ತಿಗಾಗಿ 1980ರ ಒಡಂಬಡಿಕೆಯಡಿ ಆಯೋಗವೊಂದಿದೆ, ಭಾರತವೂ ಅದರ ಸದಸ್ಯ. ಅಲ್ಲಿಯೂ ಸರ್ವಸಮ್ಮತಿಯೇ ನಿಯಮ. 2016ರಲ್ಲಿ ರಾಸ್ ಸಮುದ್ರದ 15.5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಸಂರಕ್ಷಿತ ವಲಯವೆಂದು ಆಯೋಗ ಒಪ್ಪಿತು. ವರ್ಷಗಟ್ಟಲೆ ನಡೆದ ಮಾತುಕತೆಯ ಬಳಿಕ ಮೊದಲು ಚೀನಾ, ಅನಂತರ ರಷ್ಯಾ ಒಪ್ಪಿದ್ದರಿಂದ ಅದು ಸಾಧ್ಯವಾಯಿತು. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾಪಗಳು ಮಾತ್ರ ಇವೇ ಎರಡು ದೇಶಗಳ ಆಕ್ಷೇಪದಿಂದ ನೆನೆಗುದಿಗೆ ಬಿದ್ದವು. ತಿಮಿಂಗಿಲ, ಪೆಂಗ್ವಿನ್‌ಗಳ ಆಹಾರವಾದ ಕ್ರಿಲ್ ಎಂಬ ಸಿಗಡಿಯಂತಹ ಪುಟ್ಟ ಜೀವಿಯ ಕಥೆ ಇನ್ನೂ ಕಳವಳಕಾರಿ. ದಕ್ಷಿಣ ಅಟ್ಲಾಂಟಿಕ್ ವಲಯದಲ್ಲಿ ವರ್ಷಕ್ಕೆ 6.2 ಲಕ್ಷ ಟನ್ ಮಿತಿಯೊಳಗೆ, ಅದೂ ಬೇರೆ ಬೇರೆ ಕಡೆಗಳಿಗೆ ಹಂಚಿ ಹಿಡಿಯಬೇಕೆಂಬ ನಿಯಮವಿತ್ತು. 2024ರಲ್ಲಿ ಹಂಚಿಕೆಯ ನಿಯಮವನ್ನು ಮುಂದುವರಿಸಲು ಒಮ್ಮತ ದೊರೆಯದೆ ಅದು ಬಿದ್ದುಹೋಯಿತು. 2025ರ ಆಗಸ್ಟ್ ಬರುವಷ್ಟರಲ್ಲಿ ಮಿತಿ ತುಂಬಿ, ಋತು ಮುಗಿಯುವ ಮುನ್ನವೇ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಎಂಪರರ್ ಪೆಂಗ್ವಿನ್‌ಗೆ ವಿಶೇಷ ರಕ್ಷಣೆ ನೀಡಬೇಕೆಂಬ ಪ್ರಸ್ತಾಪವೂ 2022ರ ಬರ್ಲಿನ್ ಸಭೆಯಲ್ಲಿ ಚೀನಾದ ಅಸಮ್ಮತಿಯಿಂದ ನಿಂತಿತು.

ಪರಿಸರಕ್ಕೆ ಹಾನಿಯಾದರೆ ಖರ್ಚನ್ನು ಯಾರು ಭರಿಸಬೇಕೆಂದು ಹೇಳುವ ಅನುಬಂಧವನ್ನು 2005ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಅಂಗೀಕರಿಸಲಾಯಿತು. ಎರಡು ದಶಕ ಕಳೆದರೂ ಅಗತ್ಯವಿರುವ ದೇಶಗಳೆಲ್ಲ ಅನುಮೋದಿಸದೆ ಅದು ಜಾರಿಗೆ ಬಂದಿಲ್ಲ. ಜಾಮೀನು ಪತ್ರ ಬರೆದಿಟ್ಟು ಸಹಿ ಹಾಕದಿದ್ದರೆ ಸಾಲ ವಸೂಲಾಗದೆಂಬುದು ಬ್ಯಾಂಕಿನ ಹೊಸ ಗುಮಾಸ್ತನಿಗೂ ತಿಳಿದಿರುತ್ತದೆ. ಈ ನಡುವೆ ಒಂದು ಋತುವಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋಗುವ ಪ್ರವಾಸಿಗರ ಸಂಖ್ಯೆ ಒಂದು ಲಕ್ಷವನ್ನು ದಾಟಿದೆ. 2024ರ ಮೇ ತಿಂಗಳಲ್ಲಿ ಒಪ್ಪಂದದ ರಾಷ್ಟ್ರಗಳ 46ನೇ ಸಭೆ ನಮ್ಮ ಕೊಚ್ಚಿಯಲ್ಲಿ ನಡೆದಾಗ ಪ್ರವಾಸೋದ್ಯಮವನ್ನು ನಿಯಂತ್ರಿಸುವ ಚೌಕಟ್ಟಿಗಾಗಿ ಪ್ರತ್ಯೇಕ ಕಾರ್ಯತಂಡವೊಂದು ಕೆಲಸ ಆರಂಭಿಸಿತು. ಅದೇ ಸಭೆಯಲ್ಲಿ ಸಮಾಲೋಚಕ ಸ್ಥಾನ ಕೋರಿದ ಕೆನಡಾ ಮತ್ತು ಬೆಲಾರೂಸ್ ದೇಶಗಳ ಅರ್ಜಿಗಳು ಒಮ್ಮತವಿಲ್ಲದೆ ಉಳಿದವು. ಉಕ್ರೇನ್ ಯುದ್ಧದ ನೆರಳು ಹಿಮದ ಮೇಲೂ ಬಿದ್ದಿತ್ತು.

ಉತ್ತರದ ಆರ್ಕ್ಟಿಕ್ ಬೇರೆಯೇ ಬಗೆಯದು. ಅದರ ನಡುವೆ ಸಮುದ್ರ, ಸುತ್ತಲೂ ಒಡೆಯರಿರುವ ನೆಲ, ಅಲ್ಲಿ ಸಾವಿರಾರು ವರ್ಷಗಳಿಂದ ಬಾಳುತ್ತಿರುವ ಇನ್ಯೂಯಿಟ್, ಸಾಮಿ ಮೊದಲಾದ ಜನ. 1996ರಲ್ಲಿ ಎಂಟು ದೇಶಗಳು ಸೇರಿ ಸ್ಥಾಪಿಸಿದ ಆರ್ಕ್ಟಿಕ್ ಮಂಡಳಿಯಲ್ಲಿ ಮೂಲನಿವಾಸಿಗಳ ಸಂಘಟನೆಗಳಿಗೂ ಶಾಶ್ವತ ಸ್ಥಾನವಿದೆ. 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಹಿಮಾದ್ರಿ ಕೇಂದ್ರವನ್ನು ತೆರೆದ ಭಾರತ 2013ರಿಂದ ಮಂಡಳಿಯ ವೀಕ್ಷಕ ರಾಷ್ಟ್ರ. 2022ರ ಮಾರ್ಚಿನಲ್ಲಿ, ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿದ ಬಳಿಕ, ಉಳಿದ ಏಳು ದೇಶಗಳು ಮಂಡಳಿಯ ಕೆಲಸವನ್ನು ಸ್ಥಗಿತಗೊಳಿಸಿದವು. ಆರ್ಕ್ಟಿಕ್ ತೀರದ ಅರ್ಧದಷ್ಟು ರಷ್ಯಾದ್ದು. ಅಲ್ಲಿನ ಹೆಪ್ಪುಗಟ್ಟಿದ ಮಣ್ಣು ಎಷ್ಟು ಕರಗುತ್ತಿದೆಯೆಂಬ ಮಾಹಿತಿಯಿಲ್ಲದೆ ಜಗತ್ತಿನ ಹವಾಮಾನದ ಲೆಕ್ಕ ಪೂರ್ಣವಾಗದು. 2024ರಲ್ಲಿ ಕಾರ್ಯತಂಡಗಳ ಸಭೆಗಳು ದೂರಸಂಪರ್ಕದ ಮೂಲಕ ಮತ್ತೆ ಆರಂಭಗೊಂಡವು. 2025ರ ಮೇ ತಿಂಗಳಲ್ಲಿ ಅಧ್ಯಕ್ಷತೆ ನಾರ್ವೆಯಿಂದ ಡೆನ್ಮಾರ್ಕ್‌ಗೆ ಹೋಯಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಗ್ರೀನ್‌ಲ್ಯಾಂಡ್ ತಮ್ಮ ದೇಶಕ್ಕೆ ಬೇಕೆಂದು ಪದೇಪದೇ ಹೇಳಿದರು, ಡೆನ್ಮಾರ್ಕ್ ಮತ್ತು ಗ್ರೀನ್‌ಲ್ಯಾಂಡ್ ಎರಡೂ ನಿರಾಕರಿಸಿದವು. ಹಿಮದ ರಕ್ಷಣೆಯ ಮಾತು ನಡೆಯಬೇಕಿದ್ದ ಕಡೆ ಹಿಮದ ಒಡೆತನದ ಮಾತು ನಡೆಯಿತು.

ಹಾಗಿದ್ದರೆ ಸರ್ವಸಮ್ಮತಿಯ ನಿಯಮವನ್ನು ಕೈಬಿಟ್ಟು ಬಹುಮತಕ್ಕೆ ಏಕೆ ಹೋಗಬಾರದು ಎಂಬ ಪ್ರಶ್ನೆ ಸಹಜವಾದುದು. ತಿಮಿಂಗಿಲಗಳ ಬೇಟೆಯ ಅಂತಾರಾಷ್ಟ್ರೀಯ ಆಯೋಗ ಹಾಗೆಯೇ ಮಾಡಿತು. 1982ರಲ್ಲಿ ಮತದಾನದ ಮೂಲಕ ವಾಣಿಜ್ಯ ಬೇಟೆಗೆ ತಡೆ ಹಾಕಿತು. ಅದರಿಂದ ತಿಮಿಂಗಿಲಗಳಿಗೆ ಒಳಿತಾಯಿತು, ನಿಜ. ಆದರೆ ಸೋತ ಪಕ್ಷದ ಜಪಾನ್ 2019ರಲ್ಲಿ ಆಯೋಗದಿಂದಲೇ ಹೊರನಡೆದು ತನ್ನ ಕಡಲಿನಲ್ಲಿ ಬೇಟೆಯನ್ನು ಪುನಃ ಆರಂಭಿಸಿತು. ಅಂಟಾರ್ಕ್ಟಿಕಾದಿಂದ ಒಂದು ದೊಡ್ಡ ಶಕ್ತಿ ಹೀಗೆ ಹೊರನಡೆದರೆ ಅದರ ಹಿಂದೆಯೇ ಹೆಪ್ಪುಗಟ್ಟಿದ ಹಕ್ಕುಗಳೆಲ್ಲ ಕರಗಲಾರಂಭಿಸುತ್ತವೆ. ಜಂಟಿ ಖಾತೆಯ ನಿಯಮವನ್ನು ಮುರಿಯುವುದಕ್ಕಿಂತ ಸಹಿ ಹಾಕದ ತಮ್ಮನನ್ನು ಒಪ್ಪಿಸುವುದು ಕಷ್ಟದ ದಾರಿ, ಆದರೆ ಉಳಿದಿರುವ ದಾರಿ ಅದೇ.

ಒಪ್ಪಿಸುವುದು ಸಾಧ್ಯವೇ? ಓಝೋನ್ ಪದರದ ಇತಿಹಾಸ ಸಾಧ್ಯವೆನ್ನುತ್ತದೆ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೆಳುವಾಗುತ್ತಿರುವುದನ್ನು ಪ್ರಕಟಿಸಿದರು. ಎರಡೇ ವರ್ಷಗಳಲ್ಲಿ ಮಾಂಟ್ರಿಯಲ್ ಒಡಂಬಡಿಕೆ ಸಿದ್ಧವಾಯಿತು. ನಮ್ಮ ಮನೆಯ ಫ್ರಿಜ್‌ಗಳಲ್ಲಿದ್ದ ಅನಿಲವೇ ಅಪರಾಧಿಯಾಗಿತ್ತು. ಅದನ್ನು ಬಿಟ್ಟುಬಿಡಿ ಎಂದರೆ ಬಡದೇಶಗಳು ಒಪ್ಪುತ್ತಿರಲಿಲ್ಲ. ಆದುದರಿಂದ ಹೊಸ ತಂತ್ರಜ್ಞಾನದ ವೆಚ್ಚಕ್ಕಾಗಿ ಶ್ರೀಮಂತ ದೇಶಗಳ ಹಣದಿಂದ ಬಹುರಾಷ್ಟ್ರೀಯ ನಿಧಿಯೊಂದನ್ನು ರಚಿಸಲಾಯಿತು. ಆ ಬಳಿಕ, 1992ರಲ್ಲಿ, ಭಾರತವೂ ಸೇರಿತು. ಇಂದಿನ ನಿಯಮಗಳು ಮುಂದುವರಿದರೆ ಅಂಟಾರ್ಕ್ಟಿಕಾದ ಮೇಲಿನ ಓಝೋನ್ 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳುವುದೆಂದು 2022ರ ಅಂತಾರಾಷ್ಟ್ರೀಯ ಸಮೀಕ್ಷೆ ಅಂದಾಜಿಸಿದೆ. ಉಪದೇಶಕ್ಕೆ ಸಿಗದ ಸಹಿ ನ್ಯಾಯವಾದ ಲೆಕ್ಕಾಚಾರಕ್ಕೆ ಸಿಕ್ಕಿತು.

ಇಲ್ಲಿಯೇ ಭಾರತದ ಪಾತ್ರ ಬರುವುದು. ರಷ್ಯಾದೊಡನೆಯೂ ಪಾಶ್ಚಾತ್ಯ ದೇಶಗಳೊಡನೆಯೂ ಮಾತನಾಡಬಲ್ಲ ಕೆಲವೇ ರಾಷ್ಟ್ರಗಳಲ್ಲಿ ನಮ್ಮದೂ ಒಂದು. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಸಂರಕ್ಷಿತ ವಲಯಗಳಿಗೆ 2021ರಲ್ಲಿ ಭಾರತ ಬೆಂಬಲ ಸೂಚಿಸಿದೆ. 2022ರಲ್ಲಿ ಸಂಸತ್ತು ಅಂಟಾರ್ಕ್ಟಿಕಾ ಅಧಿನಿಯಮವನ್ನು ಅಂಗೀಕರಿಸಿತು. ಅನುಮತಿಯಿಲ್ಲದೆ ಅಲ್ಲಿ ಖನಿಜಕ್ಕಾಗಿ ಕೊರೆಯುವವರಿಗೆ ಏಳು ವರ್ಷಗಳ ವರೆಗೆ ಸೆರೆವಾಸವಿದೆ. ಇವು ಸ್ತುತ್ಯರ್ಹ. ಆದರೆ ನಮ್ಮ ಲೆಕ್ಕಪುಸ್ತಕದ ಇನ್ನೊಂದು ಪುಟವನ್ನೂ ಓದಬೇಕು. 2022ರಲ್ಲಿ ಪ್ರಕಟವಾದ ನಮ್ಮ ಆರ್ಕ್ಟಿಕ್ ನೀತಿಯಲ್ಲಿ ಪರಿಸರ ರಕ್ಷಣೆಯ ಪಕ್ಕದಲ್ಲಿಯೇ ಆರ್ಥಿಕ ಸಹಕಾರ ಮತ್ತು ಹಡಗು ಸಂಚಾರದ ಆಶಯಗಳಿವೆ. ಆರ್ಕ್ಟಿಕ್ ವೃತ್ತದಾಚೆಗಿನ ರಷ್ಯಾದ ವಾಂಕೋರ್ ತೈಲಕ್ಷೇತ್ರದಲ್ಲಿ ನಮ್ಮ ಸರಕಾರಿ ತೈಲ ಕಂಪೆನಿಗಳು 2016ರಲ್ಲಿ ಪಾಲು ಕೊಂಡಿವೆ. ನೂರನಲವತ್ತು ಕೋಟಿ ಜನರ ದೇಶಕ್ಕೆ ಇಂಧನ ಬೇಕೆಂಬುದು ಸುಳ್ಳಲ್ಲ. ಆದರೆ ದಕ್ಷಿಣದಲ್ಲಿ ಕಾವಲುಗಾರನಾಗಿ ಉತ್ತರದಲ್ಲಿ ಗಿರಾಕಿಯಾಗುವವನ ಮಾತಿಗೆ ಎಷ್ಟು ತೂಕವಿರುತ್ತದೆಂದು ನಾವೇ ಕೇಳಿಕೊಳ್ಳಬೇಕು. ಕನಿಷ್ಠಪಕ್ಷ, ಹೊಣೆಗಾರಿಕೆಯ ಅನುಬಂಧ ಜಾರಿಗೆ ಬರುವಂತೆ ಒತ್ತಾಯಿಸುವುದು, ಆರ್ಕ್ಟಿಕ್‌ನ ವೈಜ್ಞಾನಿಕ ಮಾಹಿತಿ ಯುದ್ಧದ ಕಾರಣದಿಂದ ನಿಲ್ಲದಂತೆ ಮಧ್ಯಸ್ಥಿಕೆ ವಹಿಸುವುದು, ಮೈತ್ರಿಯ ಬದಲಿಗೆ ಬರಲಿರುವ ಹೊಸ ಕೇಂದ್ರವನ್ನು ಹಿಮಕ್ಕೆ ಭಾರವಾಗದಂತೆ ಕಟ್ಟುವುದು - ಈ ಮೂರು ನಮ್ಮ ಕೈಯಳತೆಯಲ್ಲಿವೆ.

ಮುಂಬಯಿಯ ಕನ್ನಡಿಗರಲ್ಲಿ ಹೆಚ್ಚಿನವರ ಬೇರು ಕರಾವಳಿಯಲ್ಲಿದೆ. ಊರಿಗೆ ಹೋದಾಗ ಕಡಲ್ಕೊರೆತದ ಕಲ್ಲಿನ ತಡೆಗೋಡೆ, ಇಲ್ಲಿಗೆ ಮರಳಿದಾಗ ಖಾಡಿಯ ಉಬ್ಬರ, ಎರಡೂ ಕಡೆ ನಮ್ಮ ನೆರೆಹೊರೆ ಸಮುದ್ರವೇ. ನಮ್ಮ ಹೊಂಡಗಳಲ್ಲಿ ಹೂಳು ತುಂಬಿದರೆ, ಖಾಡಿಯಂಚಿನ ಕಾಂಡ್ಲಾ ಕಾಡನ್ನು ಮಣ್ಣು ಸುರಿದು ಮುಚ್ಚಿದರೆ, ಯಾವ ಅಂತಾರಾಷ್ಟ್ರೀಯ ಒಪ್ಪಂದವೂ ನಮ್ಮನ್ನು ಕಾಯದು. ಹೂಳು ತೆಗೆಯುವುದೂ ಕಾಂಡ್ಲಾ ಉಳಿಸುವುದೂ ಪರಸ್ಪರ ವಿರುದ್ಧವಾಗದಂತೆ ನೋಡಿಕೊಳ್ಳುವುದು ಇಲ್ಲಿನ ನಾಗರಿಕರ, ಆಡಳಿತದ ಜಂಟಿ ಕೆಲಸ. ಆದರೆ ಹೊಂಡವನ್ನು ಎಷ್ಟೇ ಚೊಕ್ಕಟವಾಗಿಟ್ಟರೂ ಅದರ ಬಾಗಿಲು ಎಷ್ಟು ಹೊತ್ತು ತೆರೆದಿರಬೇಕೆಂದು ತೀರ್ಮಾನಿಸುವುದು ಧ್ರುವಗಳ ಹಿಮ. ಆ ಹಿಮದ ಖಾತೆಯಲ್ಲಿ ನಮ್ಮ ದೇಶದ ಸಹಿಯೂ ಇದೆ. ಕೊಚ್ಚಿಯಲ್ಲಿ, ಬರ್ಲಿನ್‌ನಲ್ಲಿ, ಇನ್ನೆಲ್ಲಿಯೋ ನಡೆಯುವ ಸಭೆಗಳ ವರದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂದಾಗ ಅದನ್ನು ದಾಟಿ ಮುಂದೆ ಹೋಗದಿರೋಣ. ಮುಂದಿನ ಮಳೆಗಾಲದಲ್ಲಿ ಉಬ್ಬರದ ವೇಳಾಪಟ್ಟಿಯನ್ನು ನೋಡಿಕೊಂಡು ನೆಲಮಹಡಿಯ ಸಾಮಾನುಗಳನ್ನು ಮೇಲಿಡುವ ಕಳಂಬೋಲಿಯ ಪ್ರತಿಯೊಂದು ಕುಟುಂಬಕ್ಕೂ ಆ ನಾಲ್ಕು ಸಾಲುಗಳಲ್ಲಿ ಪಾಲಿದೆ.